ತಾತನ ಮಹಝೋರ್‌ನಲ್ಲಿ ಸಚಿವರ ಸಹಿ: ಹಾಳೆಯನ್ನು ಬಿಡಿಸಿ ಚೌಕಟ್ಟು ಹಾಕಿಸಬಹುದೇ?

ಪ್ರಶ್ನೆ

ನಮ್ಮ ತಾತ ಜೆರುಸಲೇಮಿನಲ್ಲಿ ಅಶ್ಕೆನಾಝಿಗಳ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯಹೂದಿಗಳ, ಸಿನಗಾಗ್ (ಪ್ರಾರ್ಥನಾ ಮಂದಿರ) ಒಂದರಲ್ಲಿ ಹಜ್ಜಾನ್ ಆಗಿದ್ದರು, ಅಂದರೆ ಸಭೆಯ ಪರವಾಗಿ ಪ್ರಾರ್ಥನೆಯನ್ನು ಹಾಡುವವರು. ಅವರ ಗಾಯನವನ್ನು ಬಹಳ ಮೆಚ್ಚಿದ್ದ ಇಸ್ರೇಲಿನ ರಾಷ್ಟ್ರೀಯ ಧಾರ್ಮಿಕ ಪಕ್ಷದ ಸಚಿವರೊಬ್ಬರು ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನ ಪ್ರಾರ್ಥನೆಗಳ ಮಹಝೋರ್ ಗ್ರಂಥವನ್ನು ಉಡುಗೊರೆಯಾಗಿ ಕೊಟ್ಟು, ಮೊದಲ ಖಾಲಿ ಹಾಳೆಯಲ್ಲಿ ಶಾಯಿಯಿಂದ ನಾಲ್ಕು ಸಾಲು ಬರೆದು ಸಹಿ ಮಾಡಿದ್ದಾರೆ. ದಿನಾಂಕದ ಜಾಗದಲ್ಲಿ ಎಲುಲ್ ಮಾಸದ ಹೆಸರೂ ತಾವ್, ಶಿನ್, ಕಾಫ್, ಝಯಿನ್ ಎಂಬ ಹೀಬ್ರೂ ಅಕ್ಷರಗಳೂ ಇವೆ. ಆ ಹಾಳೆಯನ್ನು ಬಿಡಿಸಿ ಗಾಜಿನ ಚೌಕಟ್ಟು ಹಾಕಿಸೋಣ ಎಂದು ಸೋದರಮಾವ ಹೇಳುತ್ತಿದ್ದಾರೆ. ಉಳಿದ ಪುಟಗಳ ತುಂಬ ತಾತ ಪೆನ್ಸಿಲ್‌ನಲ್ಲಿ ಗೀಚಿರುವುದರಿಂದ ಪುಸ್ತಕಕ್ಕೆ ಬೆಲೆಯಿಲ್ಲ ಎಂಬುದು ಅವರ ವಾದ. ಇದು ಯಾವ ವರ್ಷದ್ದು, ಹಾಗೆ ಮಾಡಬಹುದೇ?

ಉತ್ತರ 1

ಆ ಅಕ್ಷರಗಳ ಮೌಲ್ಯ ಕ್ರಮವಾಗಿ 400, 300, 20 ಮತ್ತು 7. ಸಾವಿರದ ಸ್ಥಾನವನ್ನು ಬರೆಯದೆ ಬಿಡುವುದು ರೂಢಿಯಾದ್ದರಿಂದ ಇದು ಹೀಬ್ರೂ ವರ್ಷ 5727. ಎಲುಲ್ ವರ್ಷದ ಕೊನೆಯ ತಿಂಗಳಾದ ಕಾರಣ ಬರಹವು 1967ರ ಸೆಪ್ಟೆಂಬರ್ ಅಥವಾ ಅಕ್ಟೋಬರ್ ಆರಂಭದ್ದು, ಅಂದರೆ ಜೂನ್ ತಿಂಗಳಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ನಡೆದ ಆರು ದಿನಗಳ ಯುದ್ಧ ಮುಗಿದು ಸುಮಾರು ಮೂರು ತಿಂಗಳಾದ ಮೇಲಿನದು. ಆ ನಾಲ್ಕು ಸಾಲುಗಳನ್ನು ಇದನ್ನು ನೆನಪಿನಲ್ಲಿಟ್ಟು ಓದಿಸಿ.

ಉತ್ತರ 2

ದಯವಿಟ್ಟು ಹಾಳೆಯನ್ನು ಬಿಡಿಸಬೇಡಿ. ನಿಮ್ಮ ಮಾವ ಗೀಚು ಎನ್ನುತ್ತಿರುವುದೇ, ನನ್ನ ದೃಷ್ಟಿಯಲ್ಲಿ, ಸಚಿವರ ಸಹಿಗಿಂತ ದೊಡ್ಡ ಆಸ್ತಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ರಾಗ ಬದಲಾಗಬೇಕು, ಎಲ್ಲಿ ಸಭೆ ದನಿಗೂಡಿಸುತ್ತದೆ ಎಂಬುದನ್ನು ಹಜ್ಜಾನರು ಹೀಗೆಯೇ ಗುರುತು ಮಾಡಿಕೊಳ್ಳುವುದುಂಟು. ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಂದೂ ಯೋಮ್ ಕಿಪ್ಪುರ್‌ನಂದೂ ಧ್ವನಿಮುದ್ರಣಕ್ಕೆ ಧರ್ಮಶಾಸ್ತ್ರದ ಅನುಮತಿಯಿಲ್ಲ. ಹಾಗಾಗಿ ಆ ದಿನ ನಿಮ್ಮ ತಾತ ಹೇಗೆ ಹಾಡಿದರೆಂಬುದಕ್ಕೆ ಉಳಿದಿರಬಹುದಾದ ಲಿಖಿತ ಸುಳಿವು ಆ ಪೆನ್ಸಿಲ್ ಗುರುತುಗಳೇ. ಹಬ್ಬದ ದಿನದ ಹೆಚ್ಚುವರಿ ಪ್ರಾರ್ಥನೆಯಾದ ಮುಸಾಫ್‌ಗೆ ಮೊದಲು ಬರುವ ಹಿನೆನಿಯ ಪುಟವನ್ನು ಮೊದಲು ನೋಡಿ; ತಾನು ಅರ್ಹನಲ್ಲವೆಂದು ಒಪ್ಪಿಕೊಂಡು ಹಜ್ಜಾನರು ತಮಗಾಗಿಯೇ ಬೇಡಿಕೊಳ್ಳುವ ಭಾಗವದು.

ಉತ್ತರ 3

ಪೆನ್ಸಿಲ್ ಗುರುತುಗಳ ವಿಚಾರದಲ್ಲಿ ನನ್ನ ತಕರಾರಿಲ್ಲ, ಆದರೆ ಸಹಿಯನ್ನು ಅಷ್ಟು ಹಗುರವಾಗಿ ಕಾಣುವುದು ಸರಿಯಲ್ಲ. 1956ರಲ್ಲಿ ಮಿಝ್ರಾಹಿ ಮತ್ತು ಹಪೋಯೆಲ್ ಹಮಿಝ್ರಾಹಿ ಎಂಬ ಎರಡು ಧಾರ್ಮಿಕ ಪಕ್ಷಗಳು ಒಂದಾಗಿ ರೂಪುಗೊಂಡ ಆ ಪಕ್ಷದ ನಾಯಕರು ಸ್ವತಃ ಪ್ರಾರ್ಥನೆಗೆ ನಿಲ್ಲುತ್ತಿದ್ದವರು. ಅವರ ಮೆಚ್ಚುಗೆ ವೇದಿಕೆಯ ಶಿಷ್ಟಾಚಾರವಲ್ಲ, ಕೇಳುಗನ ಸಾಕ್ಷ್ಯ. ಹಾಡಿದವರ ಗುರುತೂ ಕೇಳಿದವರ ಮಾತೂ ಒಂದೇ ರಟ್ಟಿನೊಳಗೆ ಇರುವುದು ಅಪರೂಪ, ಆದ್ದರಿಂದಲೇ ಎರಡನ್ನೂ ಬೇರೆ ಮಾಡಬಾರದು.

ಗೋಡೆಗೆ ಬೇಕಾದರೆ ಹಾಳೆಯ ಉತ್ತಮ ಛಾಯಾಪ್ರತಿಯನ್ನು ತೂಗುಹಾಕಿ, ಏಕೆಂದರೆ ಬೆಳಕಿನಿಂದ ಶಾಯಿ ಮಾಸಿದರೆ ಮತ್ತೆ ಸರಿಪಡಿಸಲಾಗದು. ಮೂಲ ಗ್ರಂಥವನ್ನು ಆಮ್ಲರಹಿತ ಪೆಟ್ಟಿಗೆಯಲ್ಲಿ, ತೇವ ಮತ್ತು ಶಾಖ ತಾಗದ ಕಡೆ ಮಲಗಿಸಿಡಿ. ಲ್ಯಾಮಿನೇಷನ್ ಮತ್ತು ಅಂಟುಪಟ್ಟಿ ಬೇಡ, ಪೆನ್ಸಿಲ್ ಬರಹದ ಮೇಲೆ ರಬ್ಬರ್ ಆಡಿಸುವುದಂತೂ ಬೇಡವೇ ಬೇಡ. ಹೀಬ್ರೂ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಆರಂಭವಾದ ಯಹೂದಿ ಸಂಗೀತ ಸಂಶೋಧನಾ ಕೇಂದ್ರವಿದೆ. ಪುಟಗಳನ್ನು ಸ್ಕ್ಯಾನ್ ಮಾಡಿಸಿ ಅಲ್ಲಿಗೆ ಬರೆದು ಕೇಳಿದರೆ, ಗುರುತುಗಳನ್ನು ಓದಬಲ್ಲವರು ಸಿಗಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಛಾಯಾಪ್ರತಿಯ ಸಲಹೆಗೆ ಮಾವ ಒಪ್ಪಿದ್ದಾರೆ, ಆದರೆ ಚೌಕಟ್ಟು ಮಾತ್ರ ಅವರೇ ಆರಿಸುತ್ತಾರಂತೆ. ಹಿನೆನಿಯ ಅಂಚಿನಲ್ಲಿ ಮೂರು ಬಗೆಯ ಗುರುತುಗಳಿವೆ. ಸ್ಕ್ಯಾನ್ ಮಾಡಿಸಿದ ಮೇಲೆ ಇಲ್ಲಿಯೂ ಹಾಕುತ್ತೇನೆ.