ಮೂಳೆ ಟೊಳ್ಳಾಗಿದೆ ಅಂತ ಸ್ಕ್ಯಾನ್ ಹೇಳಿದ ಮೇಲೂ ಇಷ್ಟೊಂದು ರಕ್ತಪರೀಕ್ಷೆ ಯಾಕೆ?

ಪ್ರಶ್ನೆ: ನಮ್ಮಣ್ಣನಿಗೆ 46 ವರ್ಷ. ಬಕೆಟ್ ಎತ್ತುವಾಗ ಬೆನ್ನು ಹಿಡಿದುಕೊಂಡಿತು. ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆಯ ಎಲ್1 ಜಜ್ಜಿಹೋಗಿದೆ, ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಝಡ್-ಸ್ಕೋರ್ -2.4. ಸಿಗರೇಟು, ಕುಡಿತ ಎರಡೂ ಇಲ್ಲ. ಡಾಕ್ಟ್ರು ಮಾತ್ರೆ ಬರೆಯದೆ ಮೊದಲು ಪರೀಕ್ಷೆಗಳ ಪಟ್ಟಿ ಕೊಟ್ಟರು. ಬಂದಿರುವುದು: ಕ್ಯಾಲ್ಸಿಯಂ 10.6 (ಮಿತಿ 8.5–10.2), ಅಲ್ಬುಮಿನ್ 4.1, ಫಾಸ್ಫರಸ್ 2.4, ಪಿಟಿಎಚ್ 61 (ಮಿತಿ 15–65), ವಿಟಮಿನ್ ಡಿ 14, ಕ್ರಿಯಾಟಿನಿನ್ 0.9, ಟಿಎಸ್‌ಎಚ್ 1.8. ಡಿ ಕಡಿಮೆ ಇರೋದು ಬಿಟ್ಟರೆ ದೊಡ್ಡದೇನೂ ಕಾಣಲಿಲ್ಲ. ಕ್ಯಾಲ್ಸಿಯಂ, ಡಿ ಕೊಟ್ಟು ನೋಡಬಹುದಾ ಮೇಡಂ?

ಉತ್ತರ (ಹಾರ್ಮೋನು ತಜ್ಞೆ): ದೊಡ್ಡದು ಇದೆ, ಆದರೆ ಒಂದೇ ಸಾಲಲ್ಲಿ ಇಲ್ಲ. ಕ್ಯಾಲ್ಸಿಯಂ ಮತ್ತು ಪಿಟಿಎಚ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ರಕ್ತದಲ್ಲಿ ಕ್ಯಾಲ್ಸಿಯಂ ಮಿತಿ ದಾಟಿದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು (ಕ್ಯಾಲ್ಸಿಯಂ ಏರಿಸುವ ಪಿಟಿಎಚ್ ಹಾರ್ಮೋನು ಸುರಿಸುವವು) ತೆಪ್ಪಗಿರಬೇಕು, ಪಿಟಿಎಚ್ ತಳ ಮುಟ್ಟಿರಬೇಕು. ಬೇರೆ ಕಾರಣಕ್ಕೆ, ಉದಾಹರಣೆಗೆ ಕ್ಯಾನ್ಸರಿನಿಂದಲೋ ವಿಟಮಿನ್ ಡಿ ವಿಪರೀತವಾಗಿಯೋ ಕ್ಯಾಲ್ಸಿಯಂ ಏರಿದ್ದರೆ ಹಾಗೇ ಆಗುತ್ತಿತ್ತು. ಇಲ್ಲಿ 61 ಇದೆ. ಲ್ಯಾಬಿನ ಮಿತಿಯೊಳಗೆ ಇದ್ದರೂ ಈ ಕ್ಯಾಲ್ಸಿಯಂಗೆ ಅದು ಹೆಚ್ಚೇ. ಫಾಸ್ಫರಸ್ ಕೆಳಗಿರುವುದೂ ಅದಕ್ಕೇ ಹೊಂದುತ್ತದೆ, ಪಿಟಿಎಚ್ ಮೂತ್ರಪಿಂಡಕ್ಕೆ ಫಾಸ್ಫೇಟನ್ನು ಹೊರಗೆ ಹಾಕಲು ಹೇಳುತ್ತದೆ. ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ, ಅಂದರೆ ಆ ಗ್ರಂಥಿಯೇ ಕೆಟ್ಟು ಪಿಟಿಎಚ್ ಹೆಚ್ಚು ಸುರಿಸುವ ರೋಗ, ಎಂಬ ಅನುಮಾನ ಬಲವಾಗಿದೆ.

ಮೂಳೆಯಲ್ಲಿ ಆಗುವುದು ಇಷ್ಟು. ಹಳೆಯದನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಒಂದು ಜಾಗವನ್ನು ಕೆಲವೇ ವಾರಗಳಲ್ಲಿ ಕೊರೆದು ಮುಗಿಸುತ್ತದೆ. ಅದೇ ಗುಂಡಿಯನ್ನು ತುಂಬಲು ಆಸ್ಟಿಯೊಬ್ಲಾಸ್ಟ್‌ಗೆ ತಿಂಗಳುಗಳು ಬೇಕು. ಹಗಲೂ ರಾತ್ರಿ ಪಿಟಿಎಚ್ ಏರಿಯೇ ಇದ್ದರೆ ಕೊರೆಯುವ ಜಾಗಗಳು ಹೆಚ್ಚುತ್ತವೆ, ತುಂಬುವುದು ಹಿಂದೆ ಬೀಳುತ್ತದೆ. ಮೂಳೆಯ ಗಟ್ಟಿ ಹೊರಕವಚಕ್ಕೆ ಏಟು ಹೆಚ್ಚು. ಬೆನ್ನು, ಸೊಂಟ ಮಾತ್ರ ಸ್ಕ್ಯಾನ್ ಆಗಿದ್ದರೆ ಮುಂದೋಳಿನ ಮೂರನೇ ಒಂದು ಭಾಗದ ಜಾಗವನ್ನೂ ಅಳೆಸಿ.

ಮುಂದಿನದು 24 ಗಂಟೆಯ ಮೂತ್ರದ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್. ಕೆಲವು ಮನೆತನಗಳಲ್ಲಿ ಮೂತ್ರಪಿಂಡವೇ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅವರಲ್ಲೂ ರಕ್ತದ ಅಂಕಿ ಹೀಗೇ ಕಾಣುತ್ತದೆ, ಆದರೆ ಆಪರೇಷನ್‌ನಿಂದ ಪ್ರಯೋಜನವಿಲ್ಲ. ಕ್ಯಾಲ್ಸಿಯಂ–ಕ್ರಿಯಾಟಿನಿನ್ ಕ್ಲಿಯರೆನ್ಸ್ ಅನುಪಾತ 0.01ಕ್ಕಿಂತ ಕಡಿಮೆ ಬಂದರೆ ಆ ಕಡೆ ಯೋಚಿಸಬೇಕು. ಡಿ ಕೊರತೆಯೂ ಈ ಅಂಕಿಯನ್ನು ಕೆಳಗೆ ಎಳೆಯುವುದರಿಂದ ಮೊದಲು ಡಿ ಸರಿಮಾಡಿ. ವಾರಕ್ಕೊಂದು 60,000 ಯೂನಿಟ್ ಬೇಡ, ದಿನಕ್ಕೆ 1,000ದ ಆಸುಪಾಸಿನ ಸಣ್ಣ ಡೋಸ್ ಕೊಟ್ಟು ಮಧ್ಯೆ ಕ್ಯಾಲ್ಸಿಯಂ ನೋಡುತ್ತಿರಬೇಕು. ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ. ಊಟದಲ್ಲಿ ಬರುವುದನ್ನು ನಿಲ್ಲಿಸುವುದೂ ತಪ್ಪು, ನಿಲ್ಲಿಸಿದರೆ ಪಿಟಿಎಚ್ ಇನ್ನೂ ಏರುತ್ತದೆ. ಲಿಥಿಯಂ ಅಥವಾ ಥಯಾಜೈಡ್ ಗುಂಪಿನ ಬಿಪಿ ಮಾತ್ರೆ ತಗೊಳ್ತಿದ್ದರೆ ಡಾಕ್ಟ್ರಿಗೆ ಹೇಳಿ, ಅವೂ ಇಂಥದ್ದೇ ಚಿತ್ರ ಕೊಡುತ್ತವೆ.

ರೋಗ ಖಚಿತವಾದರೆ, 50 ದಾಟದ ವಯಸ್ಸು ಮತ್ತು ಜಜ್ಜಿದ ಬೆನ್ನುಮೂಳೆ ಇವೆರಡರಲ್ಲಿ ಒಂದಿದ್ದರೂ ಸಾಕು, ಆಪರೇಷನ್ ಸಲಹೆ ಬರುತ್ತದೆ. ಕೆಟ್ಟ ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆದ ಮೇಲೆ ಮೂಳೆ ಸಾಂದ್ರತೆ ಏರುತ್ತದೆ. ಇನ್ನೊಂದು ಮಾತು: ಸೆಸ್ಟಾಮಿಬಿ ಸ್ಕ್ಯಾನ್ ಗ್ರಂಥಿ ಎಲ್ಲಿದೆ ಅಂತ ಹುಡುಕಲು ಮಾತ್ರ. ಅದರಲ್ಲಿ ಏನೂ ಕಾಣದಿದ್ದರೆ ರೋಗ ಇಲ್ಲ ಅಂತಲ್ಲ.

ಈಗ ಊಹಿಸಿ, ಯಾರೋ ಸ್ಕೋರ್ ನೋಡಿ ಮೂಳೆ ಕಟ್ಟಿಸುವ ಟೆರಿಪ್ಯಾರಟೈಡ್ ಇಂಜೆಕ್ಷನ್ ಬರೆದಿದ್ದರೆ? ಅದು ಪಿಟಿಎಚ್‌ನ ತುಣುಕೇ, ಈ ರೋಗದಲ್ಲಿ ಕೊಡುವ ಹಾಗೇ ಇಲ್ಲ. ನಿಮ್ಮ ಡಾಕ್ಟ್ರು ಪಟ್ಟಿ ಕೊಟ್ಟಿದ್ದು ಸರಿ.

ಸೇರಿಸುತ್ತೇನೆ (ಲ್ಯಾಬ್): ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದಾರಾ ಕೇಳಿ. 5–10 ಮಿ.ಗ್ರಾಂ ಡೋಸಿನಲ್ಲಿ ಕೆಲವು ಯಂತ್ರಗಳು ಪಿಟಿಎಚ್ ಮತ್ತು ಟಿಎಸ್‌ಎಚ್ ಎರಡನ್ನೂ ಸುಳ್ಳೇ ಕಡಿಮೆ ತೋರಿಸುತ್ತವೆ. ಎರಡು ಮೂರು ದಿನ ನಿಲ್ಲಿಸಿ ರಕ್ತ ಕೊಡಿ.

ಪ್ರಶ್ನೆ: ಮೇಲಿನವರ ಡೆಕ್ಸಾದಲ್ಲಿ ಝಡ್-ಸ್ಕೋರ್, ನನ್ನ ರಿಪೋರ್ಟಲ್ಲಿ ಟಿ-ಸ್ಕೋರ್. ಯಾವುದು ಸರಿ?

ಉತ್ತರ: ಟಿ ಅಂದರೆ ಆರೋಗ್ಯವಂತ ಯುವಕರ ಜೊತೆ ಹೋಲಿಕೆ, ಝಡ್ ಅಂದರೆ ನಿಮ್ಮದೇ ವಯಸ್ಸಿನವರ ಜೊತೆ. ಮುಟ್ಟು ನಿಂತವರಿಗೂ 50 ದಾಟಿದ ಗಂಡಸರಿಗೂ ಟಿ (-2.5 ಅಥವಾ ಕೆಳಗೆ ಅಂದರೆ ಆಸ್ಟಿಯೊಪೊರೋಸಿಸ್), ಉಳಿದವರಿಗೆ ಝಡ್. ಝಡ್ -2 ಅಥವಾ ಅದಕ್ಕೂ ಕೆಳಗಿದ್ದರೆ ಹಿಂದೆ ಬೇರೆ ರೋಗ ಇದೆಯಾ ಅಂತ ಹುಡುಕಬೇಕು. ಅಂದ ಹಾಗೆ, ಮಂಡಿ ನೋವಿಗೂ ‘ಮೂಳೆ ಸವೆತ’ ಅನ್ನುತ್ತಾರಲ್ಲ, ಅದು ಕೀಲಿನ ಮೃದ್ವಸ್ಥಿ ಸವೆಯುವುದು. ಬೇರೆ ಕಥೆ.

ಪ್ರಶ್ನೆ: ರುಮಟಾಯ್ಡ್ ಸಂಧಿವಾತ ಇದೆ, 58 ವರ್ಷ. ಪ್ರೆಡ್ನಿಸೋಲೋನ್ 10 ಮಿ.ಗ್ರಾಂ ಐದು ತಿಂಗಳಿಂದ. ಟಿ-ಸ್ಕೋರ್ -1.6 ಅಷ್ಟೇ, ಆದರೂ ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೋನೇಟ್ ಬರೆದಿದ್ದಾರೆ. ಅತಿಯಾಯ್ತಲ್ವಾ?

ಉತ್ತರ (ರುಮಟಾಲಜಿಸ್ಟ್): ಅತಿಯಲ್ಲ. ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಸ್ಕ್ಯಾನ್ ಹಿಂದೆ ಉಳಿಯುತ್ತದೆ, ಮುರಿತ ಮುಂದೆ ಓಡುತ್ತದೆ. ಮೂಳೆ ಕಟ್ಟುವ ಕೋಶಗಳ ಆಯಸ್ಸು ಕುಗ್ಗುತ್ತದೆ, ಮೂಳೆಯೊಳಗಿನ ಆಸ್ಟಿಯೊಸೈಟ್‌ಗಳು ಸಾಯುತ್ತವೆ. ಅಂದರೆ ಸಾಂದ್ರತೆ ಇಳಿಯುವ ಮೊದಲೇ ಗುಣಮಟ್ಟ ಕೆಡುತ್ತದೆ. ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆ, ಮೂತ್ರದಲ್ಲಿ ಹೋಗುವುದು ಜಾಸ್ತಿ, ತೊಡೆಯ ಸ್ನಾಯು ಸೊರಗಿ ಬೀಳುವುದೂ ಜಾಸ್ತಿ. ಮುರಿತದ ಅಪಾಯ 3ರಿಂದ 6 ತಿಂಗಳಲ್ಲೇ ಏರುತ್ತದೆ, ಮೊದಲ ವರ್ಷದಲ್ಲಿ ನಷ್ಟ ಅತಿ ವೇಗ. ಅದಕ್ಕೇ ದಿನಕ್ಕೆ 2.5 ಮಿ.ಗ್ರಾಂ ಮೂರು ತಿಂಗಳು ದಾಟಿದರೂ ಮೂಳೆಯ ಅಪಾಯ ಲೆಕ್ಕ ಹಾಕಬೇಕು ಅನ್ನುವುದು. ಮುರಿತದ ಅಪಾಯ ಅಂದಾಜಿಸುವ ಫ್ರಾಕ್ಸ್ ಲೆಕ್ಕದಲ್ಲಿ ‘ಸ್ಟೀರಾಯ್ಡ್’ ಅಂತ ಗುರುತು ಹಾಕಿದರೆ ಅದು ಮಧ್ಯಮ ಡೋಸ್ ಅಂದುಕೊಳ್ಳುತ್ತದೆ. 7.5ಕ್ಕಿಂತ ಹೆಚ್ಚಿದ್ದರೆ ಬಂದ ಉತ್ತರವನ್ನು ಒಟ್ಟು ದೊಡ್ಡ ಮುರಿತಗಳಿಗೆ 1.15ರಿಂದ, ಸೊಂಟಕ್ಕೆ 1.2ರಿಂದ ಗುಣಿಸಬೇಕು.

ನಿಮ್ಮಲ್ಲಿ ರೋಗವೂ ಕೈ ಸೇರಿಸಿದೆ. ಉರಿಯೂತದ ಟಿಎನ್‌ಎಫ್, ಐಎಲ್-6 ಇವು ರ್‍ಯಾಂಕ್‌ಎಲ್ ಎಂಬ ಸಂದೇಶವನ್ನು ಹೆಚ್ಚಿಸಿ ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಹಾಗಾಗಿ ಸ್ಟೀರಾಯ್ಡ್‌ಗೆ ಹೆದರಿ ಸಂಧಿವಾತವನ್ನು ಉರಿಯಲು ಬಿಟ್ಟರೂ ಮೂಳೆ ಉಳಿಯುವುದಿಲ್ಲ. ರೋಗ ಹಿಡಿತಕ್ಕೆ ತರುವ ಬೇರೆ ಔಷಧಿ ಸರಿಮಾಡಿಕೊಂಡು ಡೋಸ್ ಇಳಿಸಬೇಕು. ದಿಢೀರ್ ನಿಲ್ಲಿಸಬೇಡಿ, ಅಡ್ರಿನಲ್ ಗ್ರಂಥಿ ನಿದ್ದೆಯಲ್ಲಿರುತ್ತದೆ.

ಅಲೆಂಡ್ರೋನೇಟ್ 70 ಮಿ.ಗ್ರಾಂ ವಾರಕ್ಕೊಮ್ಮೆ, ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ಬರೀ ನೀರಿನ ಜೊತೆ. ಅರ್ಧ ಗಂಟೆ ಮಲಗಬಾರದು, ಬೇರೇನೂ ತಿನ್ನಬಾರದು. ಕಾಫಿ ಜೊತೆ ನುಂಗಿದರೆ ಹೀರಿಕೆ ಬಹಳ ಇಳಿಯುತ್ತದೆ.

ಪ್ರಶ್ನೆ: ಅಮ್ಮ ಇದೇ ಮಾತ್ರೆ ಎರಡು ವರ್ಷ ತಪ್ಪದೆ ತಗೊಂಡರು, ಸಾಂದ್ರತೆ ಇನ್ನೂ ಇಳಿದಿದೆ. ಹಿಮೋಗ್ಲೋಬಿನ್ 9.8, ಕಬ್ಬಿಣದ ಮಾತ್ರೆಗೂ ಏರಲ್ಲ.

ಉತ್ತರ (ಹಾರ್ಮೋನು ತಜ್ಞೆ): ಕಬ್ಬಿಣವೂ ಏರಲ್ಲ, ಮೂಳೆಯೂ ಏರಲ್ಲ ಅಂದರೆ ಮೊದಲು ಕರುಳನ್ನು ಅನುಮಾನಿಸಿ. ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ರೋಗದಲ್ಲಿ ಭೇದಿ ಇರಲೇಬೇಕು ಅಂತೇನಿಲ್ಲ. ಅದನ್ನು ಹಿಡಿಯುವ ರಕ್ತಪರೀಕ್ಷೆ ಟಿಟಿಜಿ-ಐಜಿಎ ಜೊತೆಗೆ ಒಟ್ಟು ಐಜಿಎ ಮಾಡಿಸಿ, ಒಟ್ಟು ಐಜಿಎಯೇ ಕಡಿಮೆ ಇದ್ದವರಲ್ಲಿ ಮೊದಲನೆಯದು ಸುಳ್ಳೇ ನೆಗೆಟಿವ್ ಬರುತ್ತದೆ. ಪರೀಕ್ಷೆಗೆ ಮುಂಚೆ ಗೋಧಿ ಬಿಟ್ಟುಬಿಡಬೇಡಿ, ಬಿಟ್ಟರೆ ಗುರುತು ಅಳಿಸಿಹೋಗುತ್ತದೆ.

ಆಲ್ಕಲೈನ್ ಫಾಸ್ಫಟೇಸ್ ಏರಿ, ಕ್ಯಾಲ್ಸಿಯಂ, ಫಾಸ್ಫರಸ್ ಇಳಿದಿದ್ದರೆ ಅದು ಆಸ್ಟಿಯೊಮಲೇಶಿಯ ಇರಬಹುದು: ಮೂಳೆಯ ಚೌಕಟ್ಟು ಇದೆ, ಖನಿಜ ತುಂಬಿಲ್ಲ. ಡೆಕ್ಸಾಗೆ ಈ ವ್ಯತ್ಯಾಸ ತಿಳಿಯದು. ಆ ಸ್ಥಿತಿಯಲ್ಲಿ ಮೂಳೆ ಕರಗುವುದನ್ನು ತಡೆಯುವ ಔಷಧಿ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿದು ಬೆರಳು ಜುಮ್ಮೆನ್ನುವುದು, ಕೈಕಾಲು ಸೆಟೆಯುವುದು ಶುರುವಾಗುತ್ತದೆ.

ವಯಸ್ಸಾದವರಲ್ಲಿ ರಕ್ತಹೀನತೆ, ಬೆನ್ನುನೋವು, ಏರಿದ ಇಎಸ್‌ಆರ್ ಒಟ್ಟಿಗೆ ಬಂದರೆ ಮಲ್ಟಿಪಲ್ ಮೈಲೋಮ (ಮೂಳೆಮಜ್ಜೆಯ ಕ್ಯಾನ್ಸರ್) ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಅದಕ್ಕೆ ಸೀರಮ್ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್ ಮತ್ತು ಫ್ರೀ ಲೈಟ್ ಚೈನ್. ಮೈಲೋಮ ಮೂಳೆ ಕಟ್ಟುವ ಕೋಶಗಳನ್ನೂ ಸುಮ್ಮನಾಗಿಸುವುದರಿಂದ, ಆ ಕೋಶಗಳ ಚಟುವಟಿಕೆ ತೋರಿಸುವ ಬೋನ್ ಸ್ಕ್ಯಾನ್ ಶುಭ್ರವಾಗಿ ಬರಬಹುದು, ಅದನ್ನು ನಂಬಿ ಕೂರಬೇಡಿ.

ಪ್ರಶ್ನೆ: ಟೈಪ್ 2 ಸಕ್ಕರೆ ಕಾಯಿಲೆ. ಟಿ-ಸ್ಕೋರ್ -0.8, ಆದರೂ ನಿಂತಲ್ಲೇ ಬಿದ್ದು ಮಣಿಕಟ್ಟು ಮುರಿಯಿತು.

ಉತ್ತರ: ಸಕ್ಕರೆ ಮೂಳೆಯ ಕೊಲ್ಯಾಜನ್‌ಗೆ ಅಂಟಿ ಅದನ್ನು ಪೆಡಸು ಮಾಡುತ್ತದೆ, ಮೂಳೆ ಹೊಸದಾಗುವುದೂ ನಿಧಾನ. ಸ್ಕ್ಯಾನ್ ಖನಿಜ ಅಳೆಯುತ್ತದೆ, ಪೆಡಸುತನ ಅಳೆಯುವುದಿಲ್ಲ. ಫ್ರಾಕ್ಸ್‌ನಲ್ಲಿ ಟೈಪ್ 2ಕ್ಕೆ ಜಾಗವಿಲ್ಲದ್ದರಿಂದ ರುಮಟಾಯ್ಡ್ ಪೆಟ್ಟಿಗೆಗೆ ಗುರುತು ಹಾಕಿ ನೋಡುವ ರೂಢಿ ಇದೆ. ಪಯೋಗ್ಲಿಟಜೋನ್ ತಗೊಳ್ತಿದ್ದರೆ ಬದಲಿಸಲು ಕೇಳಿ, ಅದು ಮುರಿತ ಹೆಚ್ಚಿಸುತ್ತದೆ. ರಾತ್ರಿ ಸಕ್ಕರೆ ಇಳಿದು ಬೀಳುತ್ತಿದ್ದೀರಾ ಅದನ್ನೂ ನೋಡಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, 24 ಗಂಟೆ ಮೂತ್ರ ಹಿಡಿಯೋದು ಹೇಗೆ?

ಉತ್ತರ (ಲ್ಯಾಬ್): ಬೆಳಿಗ್ಗೆ ಎದ್ದು ಮಾಡುವ ಮೊದಲ ಮೂತ್ರವನ್ನು ಕ್ಯಾನಿಗೆ ಹಾಕಬೇಡಿ, ಸಮಯ ಮಾತ್ರ ಬರೆದುಕೊಳ್ಳಿ. ಅಲ್ಲಿಂದ ಪ್ರತಿ ಹನಿಯೂ ಕ್ಯಾನಿಗೆ. ಮರುದಿನ ಅದೇ ಹೊತ್ತಿನ ಮೊದಲ ಮೂತ್ರ ಸೇರಿಸಿ ಮುಗಿಸಿ. ಕ್ಯಾನಿನಲ್ಲಿ ಆಸಿಡ್ ಹಾಕಿ ಕೊಟ್ಟಿದ್ದರೆ ಚೆಲ್ಲಬೇಡಿ, ಬೇರೆ ಪಾತ್ರೆಯಲ್ಲಿ ಹಿಡಿದು ಅದಕ್ಕೆ ಸುರಿಯಿರಿ. ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಕೂಡ ಅದೇ ದಿನ ಕೊಡಿ, ಅನುಪಾತಕ್ಕೆ ನಾಲ್ಕೂ ಅಂಕಿ ಬೇಕು. ಒಂದು ಸಲ ಮರೆತು ಬಚ್ಚಲಲ್ಲಿ ಹೋಗಿಬಿಟ್ಟರೆ ಮರುದಿನ ಮೊದಲಿಂದ ಶುರು ಮಾಡಿ.