ಖಾಸಗಿ ನಿವೇಶನದ ಹಿಂದಿನ ಚರಂಡಿ, ಉರಿಯದ ಬೀದಿ ದೀಪ: ಪುರಸಭೆಯನ್ನು ಮೊದಲು ಏನು ಕೇಳಬೇಕು?

ಪ್ರಶ್ನೆ

ನಮ್ಮದು ಅರೆಮಲೆನಾಡಿನ ಪುರಸಭೆಯೊಂದರ ಅಂಚಿನಲ್ಲಿರುವ ಹಳೆಯ ಬಡಾವಣೆ. ಮೇಲಿನ ಅಡ್ಡರಸ್ತೆಗಳ ಮಳೆನೀರು ಒಂದು ತೆರೆದ ಚರಂಡಿಗೆ ಸೇರಿ, ಎರಡು ಖಾಸಗಿ ನಿವೇಶನಗಳ ಹಿಂಬದಿಯಿಂದ ಹಾದು ಕೆರೆಗೆ ಹೋಗುತ್ತದೆ. ಕಳೆದ ಬೇಸಿಗೆಯಲ್ಲಿ ಅವುಗಳಲ್ಲಿ ಒಂದನ್ನು ಕೊಂಡವರು ಚರಂಡಿಗೆ ಚಪ್ಪಡಿ ಹಾಸಿ ಕಾಂಪೌಂಡ್ ಕಟ್ಟಿಸಿದ್ದರಿಂದ ಪೌರಕಾರ್ಮಿಕರು ಒಳಹೋಗಿ ಹೂಳು ತೆಗೆಯುವಂತಿಲ್ಲ, ಮಳೆ ಬಂದರೆ ನೀರು ರಸ್ತೆಗೆ ಉಕ್ಕುತ್ತದೆ. ಅದೇ ರಸ್ತೆಯಲ್ಲಿ ಕಂಬಗಳಿದ್ದರೂ ದೀಪಗಳಿಲ್ಲ. ಸಂಜೆ ಪಾಠ ಮುಗಿಸಿ ಬರುವ ಮಕ್ಕಳಿಗೆ ನೀರಿನಡಿಯ ಗುಂಡಿ ಕಾಣುವುದಿಲ್ಲ. ಚರಂಡಿ ಖಾಸಗಿ ಜಾಗದಲ್ಲಿದೆ, ಬಡಾವಣೆ ಇನ್ನೂ ಪುರಸಭೆಗೆ ಹಸ್ತಾಂತರವಾಗಿಲ್ಲ ಎಂಬ ಎರಡೇ ಉತ್ತರ ನಮಗೆ ಸಿಗುತ್ತಿವೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಕ್ರಿಯಾಯೋಜನೆ ಮಂಡನೆಯಾಗಲಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನಿವೃತ್ತ ಭೂಮಾಪಕ

ಚರಂಡಿ ಖಾಸಗಿ ಜಾಗದಲ್ಲಿದೆ ಎಂಬ ಮಾತನ್ನು ದಾಖಲೆ ನೋಡದೆ ಒಪ್ಪಬೇಡಿ. ಬಡಾವಣೆಯಾಗುವ ಮೊದಲು ಅದು ಕೃಷಿಭೂಮಿಯಾಗಿದ್ದಿರಬೇಕು. ಆ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಗ್ರಾಮ ನಕ್ಷೆಯ ನಕಲುಗಳನ್ನು ತೆಗೆಸಿ. ಅಲ್ಲಿ ಹಳ್ಳವೋ ಕಾಲುವೆಯೋ ಗುರುತಾಗಿದ್ದು, ಆ ವಿಸ್ತೀರ್ಣ ‘ಬಿ’ ಖರಾಬಿನಲ್ಲಿ (ಸಾಗುವಳಿಗೆ ಸೇರದ ಜಾಗದ ಒಂದು ವರ್ಗ) ಸೇರಿದ್ದರೆ ಅದು ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಜಾಗ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಪ್ರಕರಣದಂತೆ ಹಳ್ಳ, ನಾಲೆ, ಕೆರೆಗಳು, ಬೇರೆಯವರ ಹಕ್ಕು ಸಾಬೀತಾಗದ ಹೊರತು, ಸರ್ಕಾರದ ಸ್ವತ್ತು. ಹಾಗಿದ್ದಲ್ಲಿ ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವುದು) ಮಾಡಿಸಿ, ಒತ್ತುವರಿ ತೆರವಿಗೆ ತಹಶೀಲ್ದಾರರಿಗೆ ಬರೆಯಿರಿ. ಅನುಮೋದಿತ ವಿನ್ಯಾಸ ನಕ್ಷೆಯನ್ನೂ ಮರೆಯದೆ ನೋಡಿ.

ಉತ್ತರ: ಸಿವಿಲ್ ವಕೀಲ

ಮೇಲಿನವರು ಹೇಳಿದಂತೆ ನಕ್ಷೆಯಲ್ಲಿ ಏನೂ ಸಿಗದೆ, ಜಾಗ ನಿಜವಾಗಿಯೂ ಖಾಸಗಿಯದೇ ಆಗಿದ್ದರೂ ನಿಮ್ಮ ದಾರಿ ಮುಚ್ಚುವುದಿಲ್ಲ. ಬೇರೆಯವರ ಜಾಗವನ್ನು ನಿರ್ದಿಷ್ಟ ಉದ್ದೇಶಕ್ಕೆ ಬಳಸುವ ಹಕ್ಕಿಗೆ ಈಸ್‌ಮೆಂಟ್ ಎನ್ನುತ್ತಾರೆ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 15ನೇ ಪ್ರಕರಣದ ಪ್ರಕಾರ, ಮೇಲ್ಭಾಗದ ನಿವೇಶನಗಳ ನೀರು ಆ ಜಾಗದ ಮೂಲಕ 20 ವರ್ಷ ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂಬ ನೆಲೆಯಲ್ಲಿ, ತಡೆಯಿಲ್ಲದೆ ಹರಿದಿದ್ದರೆ ಆ ನಿವೇಶನಗಳ ಮಾಲೀಕರು ನೀರು ಹರಿಸುವ ಹಕ್ಕನ್ನು ಸ್ಥಾಪಿಸಬಹುದು.

ಆದರೆ ಇಲ್ಲಿ ಕಾಲ ಬಹಳ ಮುಖ್ಯ. ಆ 20 ವರ್ಷಗಳು ದಾವೆ ಹೂಡುವ ದಿನಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಮುಗಿದಿರಬೇಕು. ಅಡ್ಡಿ ತಿಳಿದ ಮೇಲೂ ಒಂದು ವರ್ಷ ಸುಮ್ಮನಿದ್ದು ಒಪ್ಪಿಕೊಂಡರೆ ಅದು ಕಾನೂನಿನ ಕಣ್ಣಿನಲ್ಲಿ ಆ 20 ವರ್ಷಗಳ ಬಳಕೆಗೆ ತಡೆಯಾಗಿಬಿಡುತ್ತದೆ. ಕಾಂಪೌಂಡ್ ಎದ್ದದ್ದು ಕಳೆದ ಬೇಸಿಗೆಯಲ್ಲಿ ಎನ್ನುತ್ತೀರಿ. ಇದೇ ವಾರ ಆ ನಿವೇಶನದ ಮಾಲೀಕರಿಗೆ ಲಿಖಿತ ಆಕ್ಷೇಪಣೆಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮೌಖಿಕ ಭರವಸೆಗಳನ್ನು ನಂಬಿ ಕಾಯುತ್ತ ಒಳ್ಳೆಯ ಹಕ್ಕುಗಳನ್ನು ಕಳೆದುಕೊಂಡವರು ಅನೇಕರಿದ್ದಾರೆ.

ಹಕ್ಕು ಸ್ಥಾಪನೆಯಾದರೆ ಹೂಳು ತೆಗೆಯಲು ಒಳಹೋಗುವ ಅವಕಾಶವೂ ಅದರೊಂದಿಗೇ ಬರುತ್ತದೆ. 24ನೇ ಪ್ರಕರಣ ದುರಸ್ತಿಗೆ ಅನುವು ಮಾಡಿಕೊಡುತ್ತದೆ, ಜೊತೆಗೆ ಜಾಗದ ಮಾಲೀಕರಿಗೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ನಡೆದುಕೊಳ್ಳುವ ಹೊಣೆಯನ್ನೂ ಹೊರಿಸುತ್ತದೆ.

ಉತ್ತರ: ಪುರಸಭೆಯಲ್ಲಿ ಕೆಲಸ ಮಾಡಿದ ಅಭಿಯಂತರ

ಬೀದಿ ದೀಪದ ಬಗ್ಗೆ ಹೇಳುತ್ತೇನೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ಬೀದಿ ದೀಪ ಸ್ಥಳೀಯ ಸಂಸ್ಥೆಗಳ ವಿಷಯವಾಗಿದೆ; 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಲ್ಲಿ ಸಾರ್ವಜನಿಕ ಬೀದಿಗಳಿಗೆ ಬೆಳಕು ಒದಗಿಸುವುದು ಕಡ್ಡಾಯ ಕರ್ತವ್ಯ. ಆದ್ದರಿಂದ ಹಸ್ತಾಂತರವಾಗಿಲ್ಲ ಎಂಬ ಕಾರಣ ನಿಲ್ಲಬೇಕಾದರೆ ಆ ರಸ್ತೆ ಸಾರ್ವಜನಿಕವಲ್ಲ ಎಂದು ಪುರಸಭೆಯವರು ಬರೆದುಕೊಡಬೇಕು. ನಿಮ್ಮಿಂದ ಆಸ್ತಿ ತೆರಿಗೆ ಪಡೆಯುತ್ತ, ಅದೇ ರಸ್ತೆಯಿಂದ ಕಸ ಸಾಗಿಸುತ್ತಿದ್ದರೆ ಹಾಗೆ ಬರೆದುಕೊಡುವುದು ಅವರಿಗೆ ಸುಲಭವಲ್ಲ. ಕಂಬದ ಮೇಲೆ ಬೀದಿ ದೀಪಕ್ಕೆಂದೇ ಪ್ರತ್ಯೇಕ ತಂತಿ ಎಳೆದಿದೆಯೇ, ಮೀಟರ್ ಪೆಟ್ಟಿಗೆ ಇದೆಯೇ ಎಂಬುದನ್ನು ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಶಾಖಾ ಕಚೇರಿಯಲ್ಲಿ ವಿಚಾರಿಸಿ. ಅವಿಲ್ಲದೆ ಎಲ್‌ಇಡಿ ದೀಪ ಖರೀದಿಸಿದರೆ ಅವು ಉಗ್ರಾಣದಲ್ಲೇ ಉಳಿಯುತ್ತವೆ. ಕಡಿಮೆ ಸಂಚಾರದ ಉಪರಸ್ತೆಗಳಿಗೆ ಭಾರತೀಯ ಮಾನಕ ಐಎಸ್ 1944 ಹೇಳುವುದು ಸರಾಸರಿ 4 ಲಕ್ಸ್ ಬೆಳಕು (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ). ಅಂದಾಜು ಪಟ್ಟಿಯಲ್ಲಿ ವ್ಯಾಟ್ ಜೊತೆಗೆ ಇದನ್ನೂ ನಮೂದಿಸುವಂತೆ ಕೇಳಿ.

ಚರಂಡಿಯ ಮಾರ್ಗ ಮೊದಲು ನಿಗದಿಯಾಗಲಿ, ಹೊಸ ಕಂಬಗಳು ಬೇಕಿದ್ದರೆ ಆಮೇಲೆ ಬರಲಿ. ಕಂಬ ನೆಟ್ಟ ಮೇಲೆ ಅದರ ಬುಡ ಅಗೆದು ಚರಂಡಿ ಕಟ್ಟಿದರೆ ಕಂಬ ವಾಲುತ್ತದೆ. ಈಗಿರುವ ಕಂಬಗಳಿಗೆ ದೀಪ ಹಾಕಲು ಮಾತ್ರ ಯಾರೂ ಕಾಯಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನೆರೆಯವರೊಂದಿಗೆ ವ್ಯಾಜ್ಯಕ್ಕಿಳಿಯದೆ ಇದನ್ನು ಬಗೆಹರಿಸಲು ಸಾಧ್ಯವೇ?

ಉತ್ತರ: ಸಿವಿಲ್ ವಕೀಲ

ಖಂಡಿತ ಸಾಧ್ಯ. ಹಿಂಬದಿಯಲ್ಲಿ ಗೇಟೊಂದನ್ನು ಇಟ್ಟು, ತೆಗೆಯಬಹುದಾದ ಚಪ್ಪಡಿಗಳನ್ನು ಹಾಕಿ, ಚರಂಡಿಯ ಅಗಲ ಮತ್ತು ನಿರ್ವಹಣೆಯ ದಾರಿಯನ್ನು ನಕ್ಷೆಯಲ್ಲಿ ತೋರಿಸುವ ಬಳಕೆಯ ಹಕ್ಕಿನ ಪತ್ರವನ್ನು ಪುರಸಭೆಯ ಹೆಸರಿಗೆ ಬರೆದುಕೊಡಲು ಅವರು ಒಪ್ಪಿದರೆ ಸಾಕು. ಪುರಸಭೆಯ ಸಭೆಯಲ್ಲಿ ಠರಾವು ಆಗಲಿ. ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ತಪ್ಪದೆ ನೋಂದಾಯಿಸಿ. ನಾಳೆ ಆ ನಿವೇಶನ ಕೈಬದಲಾದರೆ ಹೊಸ ಮಾಲೀಕರಿಗೆ ತೋರಿಸಲು ನಿಮ್ಮ ಬಳಿ ಅದೇ ಇರುತ್ತದೆ. ಮಾತುಕತೆ ನಡೆಯುತ್ತಿರುವಾಗಲೂ ಆಕ್ಷೇಪಣೆಯ ಪತ್ರವನ್ನು ಮಾತ್ರ ತಡಮಾಡಬೇಡಿ.