ಮಹಿಳಾ ಮಂಡಳಿ ಜೊತೆ ಮೇಲುಕೋಟೆಗೆ: ಬಸ್ಸಾ, ವ್ಯಾನಾ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಶುಕ್ರವಾರದ ಲಲಿತಾ ಸಹಸ್ರನಾಮ, ನವರಾತ್ರಿಗೆ ಒಬ್ಬರ ಮನೆ ಗೊಂಬೆ ಇನ್ನೊಬ್ಬರು ನೋಡೋದು, ನಮ್ಮ ಮಂಡಳಿ ಅಂದ್ರೆ ಇಷ್ಟೇ ಆಗಿತ್ತು. ಈಗ ಎಲ್ಲರಿಗೂ ಮೇಲುಕೋಟೆ ಆಸೆ ಹತ್ತಿದೆ. ವಯಸ್ಸಾದವರೇ ಜಾಸ್ತಿ. ಮೂಲೆಮನೆ ಅಜ್ಜಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಲೇ ಕೋಡುಬಳೆಗೆ ಹಿಟ್ಟು ಕಲಸಿಟ್ಟಿದ್ದಾರೆ. ಅವರನ್ನ ಬಿಟ್ಟು ಹೋಗೋಕೆ ನನಗಂತೂ ಮನಸ್ಸಿಲ್ಲ. ಹೇಗೆ ಹೋಗೋಣ?

ಉತ್ತರ (ಮಂಡ್ಯ):
ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೋಗಿ ಅಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಇಟ್ಕೊಳ್ಳಿ. ರಾಜಹಂಸ, ಐರಾವತಕ್ಕೆ ಇದು ನಡೆಯಲ್ಲ.

ಉತ್ತರ (ಪಾಂಡವಪುರ):
ಯೋಗನರಸಿಂಹ ಸ್ವಾಮಿ ಬೆಟ್ಟಕ್ಕೆ ಮೆಟ್ಟಿಲು ಬಹಳ. ಅಜ್ಜಿಗೆ ಚೆಲುವನಾರಾಯಣ ಸ್ವಾಮಿ ದರ್ಶನ ಮಾಡಿಸಿ, ಕಲ್ಯಾಣಿ ಹತ್ತಿರ ಕೂರಿಸಿ. ಜೊತೆಗೆ ಒಬ್ಬರು ಇರಲಿ. ಪುಳಿಯೋಗರೆ ಅಲ್ಲೇ ತಿನ್ನಿ, ಬುತ್ತಿ ಹೊರಬೇಡಿ. ವೈರಮುಡಿ ಉತ್ಸವದ ಸಮಯದಲ್ಲಿ ಮಾತ್ರ ಬೇಡ, ಕಾಲಿಡೋಕೂ ಜಾಗ ಇರಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ಬಸ್ಸೇ ಸರಿ. ಅಜ್ಜಿ ಜೊತೆ ನಾನೇ ಕೂರ್ತೀನಿ, ಬೆಟ್ಟ ಇನ್ನೊಂದು ಸಲ ಹತ್ತಿದರಾಯ್ತು.